ಕತ್ತಲೆಯಲ್ಲಿ ಕೈಗೆ ದಾರಿ ಹೇಳುವ ಕನ್ನಡ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಊರುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನವರೆಗೆ ಎಲ್ಲರ ಬಾಯಲ್ಲೂ ಇದ್ದ ಒಂದು ಮಾತು ಈಗ ಕೇಳಿಸುವುದಿಲ್ಲ. ಅದು 'ರೀಲು ತೊಳೆಸುವುದು'. ಮದುವೆಯೋ ಜಾತ್ರೆಯೋ ಮುಗಿದ ಮೇಲೆ ಕ್ಯಾಮೆರಾದ ರೀಲನ್ನು ಪೇಟೆಯ ಸ್ಟುಡಿಯೊಗೆ ಕೊಟ್ಟು ತೊಳೆಸಿ ತರುತ್ತಿದ್ದರು. ನೆರೆಮನೆಯ ಮರಾಠಿಯವರೂ 'ಫೋಟೋ ಧುವೂನ ಆಣಣೆ' ಎಂದೇ ಹೇಳುತ್ತಿದ್ದರು. ಯಾವ ಪರಿಭಾಷಾ ಸಮಿತಿಯೂ ಸೇರದೆ, ಯಾವ ನಿಘಂಟೂ ಸೂಚಿಸದೆ, ಎರಡು ಭಾಷೆಗಳ ಜನ ಒಂದು ಹೊಸ ಕೆಲಸಕ್ಕೆ ಒಂದೇ ಹಳೆಯ ಕ್ರಿಯಾಪದವನ್ನು ಆರಿಸಿಕೊಂಡರು. ಪುಸ್ತಕದ ಕನ್ನಡ ಅದನ್ನು 'ಸಂಸ್ಕರಣ' ಎಂದಿತು. ಜನ 'ತೊಳೆಯುವುದು' ಎಂದರು. ಮೊಬೈಲು ಬಂದ ಮೇಲೆ ಕೆಲಸವೂ ಹೋಯಿತು, ಮಾತೂ ಹೋಯಿತು.

ಆದರೆ ಕೆಲಸ ಪೂರ್ತಿಯಾಗಿ ಹೋಗಿಲ್ಲ. ಸ್ಟುಡಿಯೊಗಳು ಕೈಬಿಟ್ಟ ಈ ವಿದ್ಯೆಯನ್ನು ಕೆಲವರು ಮನೆಯ ಬಚ್ಚಲಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಮತ್ತೆ ಹಿಡಿದಿದ್ದಾರೆ. ಅವರಲ್ಲೂ ಹೆಚ್ಚಿನ ಹಟದವರು ದೊಡ್ಡ ಗಾತ್ರದ ಹಾಳೆ ಫಿಲ್ಮನ್ನು ಒಂದು ಸಣ್ಣ ಟ್ಯಾಂಕಿನಲ್ಲಿ ಹಾಕಿ ತಾವೇ ತೊಳೆದುಕೊಳ್ಳುತ್ತಾರೆ. ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಇದು ಸಂಬಂಧವಿಲ್ಲದ ಹವ್ಯಾಸವೆಂದು ತೋರಬಹುದು. ಹಾಗಲ್ಲವೆಂಬುದೇ ಈ ಲೇಖನದ ಅಭಿಪ್ರಾಯ. ಪೂರ್ತಿ ಕತ್ತಲೆಯಲ್ಲಿ ನಿಂತ ಮನುಷ್ಯನ ಕೈಗೆ ಮುಂದಿನ ಹೆಜ್ಜೆಯನ್ನು ಸ್ಪಷ್ಟವಾಗಿ ಹೇಳಬಲ್ಲ ಗದ್ಯ ಕನ್ನಡದಲ್ಲಿ ಇಂದು ಎಷ್ಟಿದೆ ಎಂಬ ಪ್ರಶ್ನೆಯನ್ನು ಈ ಕೆಲಸ ಎತ್ತುತ್ತದೆ. ಆ ಗದ್ಯವನ್ನು ಬರೆಯಬೇಕಾದವರು ವಿಜ್ಞಾನದ ವಿದ್ಯಾರ್ಥಿಗಳಿಗಿಂತ ಮೊದಲು ಕನ್ನಡದ ವಿದ್ಯಾರ್ಥಿಗಳು.

ಹಾಳೆ ಫಿಲ್ಮು ರೀಲಿನಂತೆ ಸುತ್ತಿಕೊಂಡಿರುವುದಿಲ್ಲ. ಒಂದು ಚಿತ್ರಕ್ಕೆ ಒಂದು ಬಿಡಿ ಹಾಳೆ. 4×5, 5×7, 8×10 ಅಂಗುಲದ ಗಾತ್ರಗಳು ಹೆಚ್ಚು ರೂಢಿಯಲ್ಲಿವೆ. ಹಳೆಯ ಸ್ಟುಡಿಯೊದವರು ಇದನ್ನು 'ಕಟ್ ಫಿಲ್ಮ್' ಎನ್ನುತ್ತಿದ್ದರು. ಸಾಮಾನ್ಯ ರೀಲಿನ ಒಂದು ಚಿತ್ರದ ಅಳತೆ 24×36 ಮಿಲಿಮೀಟರ್. 4×5 ಅಂಗುಲದ ಹಾಳೆ ಅದಕ್ಕಿಂತ ಸುಮಾರು 15 ಪಟ್ಟು ದೊಡ್ಡದು. ಕಲ್ಲಿನ ಮೇಲಿನ ಉಳಿಯ ಗುರುತು, ಸೀರೆಯ ಅಂಚಿನ ಎಳೆ, ಮುಖದ ಸುಕ್ಕು ಇವೆಲ್ಲ ಅದರಲ್ಲಿ ಒಡೆಯದೆ ನಿಲ್ಲುವುದು ಈ ವಿಸ್ತಾರದಿಂದಲೇ. ಇನ್ನೊಂದು ಅನುಕೂಲವೂ ಇದೆ. ರೀಲಿನ 36 ಚಿತ್ರಗಳೂ ಒಂದೇ ದ್ರಾವಣದಲ್ಲಿ ಒಂದೇ ಹೊತ್ತು ಇರಬೇಕಾಗುತ್ತದೆ. ಹಾಳೆಯಾದರೆ ಒಂದೊಂದಕ್ಕೂ ಬೇರೆ ಬೇರೆ ಹೊತ್ತು ಕೊಡಬಹುದು. ಬಿರುಬಿಸಿಲಿನ ದೃಶ್ಯಕ್ಕೆ ಕಡಿಮೆ ಹೊತ್ತು, ಮೋಡದ ದಿನದ ಮಂಕು ದೃಶ್ಯಕ್ಕೆ ಹೆಚ್ಚು ಹೊತ್ತು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ 'ಜೋನ್ ಸಿಸ್ಟಮ್' ಎಂಬ ಕ್ರಮ ನಿಂತಿರುವುದು ಈ ಸ್ವಾತಂತ್ರ್ಯದ ಮೇಲೆಯೇ.

ಹಾಳೆಯ ಈ ಪದ್ಧತಿಗೂ ಕನ್ನಡ ವಿಭಾಗದ ಕಪಾಟಿಗೂ ಒಂದು ನಂಟಿದೆ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಕಾಗದದ ನೆಗೆಟಿವ್ ಪದ್ಧತಿಗೆ ಪೇಟೆಂಟ್ ಪಡೆದ ಹದಿನೈದು ವರ್ಷಗಳೊಳಗೆ ಆ ವಿದ್ಯೆ ಕನ್ನಡದ ನೆಲಕ್ಕೆ ಬಂದಿತ್ತು. 1855ರಲ್ಲಿ ಮುಂಬಯಿ ಪ್ರಾಂತದ ಸರ್ಕಾರಿ ಛಾಯಾಗ್ರಾಹಕನಾಗಿ ನೇಮಕಗೊಂಡ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ದೊಡ್ಡ ಗಾತ್ರದ ಮೇಣಗಾಗದದ ನೆಗೆಟಿವ್‌ಗಳಲ್ಲಿ ಹಿಡಿದನು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬಿ. ಎಲ್. ರೈಸ್ 1879ರಲ್ಲಿ ಪ್ರಕಟಿಸಿದ ಮೈಸೂರು ಶಾಸನಗಳ ಅನುವಾದ ಸಂಪುಟಕ್ಕೆ ಆ ಛಾಯಾಚಿತ್ರಗಳೇ ಮೊದಲ ಪ್ರೇರಣೆ. 1878ರಲ್ಲಿ ಜೆ. ಎಫ್. ಫ್ಲೀಟ್ ಸಿದ್ಧಪಡಿಸಿದ ಪಾಲಿ, ಸಂಸ್ಕೃತ, ಹಳಗನ್ನಡ ಶಾಸನಗಳ ಸಂಪುಟವೂ ಇಂಥ ಛಾಯಾಚಿತ್ರಗಳನ್ನೇ ಆಧರಿಸಿತ್ತು. ಅಂದಿನ ನೆಗೆಟಿವ್‌ಗಳು ಕಾಗದದವು, ಗಾಜಿನವು. ಸೆಲ್ಯುಲಾಯ್ಡ್ ಹಾಳೆ ಬಂದದ್ದು 1888ರಲ್ಲಿ, ಫಿಲಡೆಲ್ಫಿಯಾದ ಜಾನ್ ಕಾರ್ಬಟ್‌ನಿಂದ. ಆದರೆ ಒಂದು ಚಿತ್ರಕ್ಕೆ ಒಂದು ಹಾಳೆ, ಅದನ್ನು ಕತ್ತಲೆಯಲ್ಲಿ ಕೈಯಾರೆ ದ್ರಾವಣಕ್ಕಿಳಿಸುವ ಕೆಲಸ ಎಂಬ ಕ್ರಮ ಅಂದಿನಿಂದ ಇಂದಿನವರೆಗೆ ಒಂದೇ. ಶಾಸನಶಾಸ್ತ್ರದ ಪತ್ರಿಕೆಯಲ್ಲಿ ರೈಸ್, ಫ್ಲೀಟ್ ಇವರ ಹೆಸರನ್ನು ಬರೆಯುವ ವಿದ್ಯಾರ್ಥಿ ಅರಿತೋ ಅರಿಯದೆಯೋ ಯಾರದೋ ಕತ್ತಲೆಕೋಣೆಯ ಋಣದಲ್ಲಿದ್ದಾನೆ.

ಇನ್ನು ಕೆಲಸ. ಇಂದಿನ ಹೆಚ್ಚಿನ ಹಾಳೆ ಫಿಲ್ಮುಗಳು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುತ್ತವೆ. ಆದ್ದರಿಂದ ಕೆಂಪು ದೀಪವೂ ಸಲ್ಲದು. ಮನೆಯಲ್ಲಿ ಇದಕ್ಕೆ ಒದಗುವುದು ರಾತ್ರಿಯ ಹೊತ್ತಿನ ಬಚ್ಚಲು. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲಿನ ಕೆಳಸಂದಿಗೆ ಮಡಿಸಿದ ಕೌದಿ. ದೀಪ ಆರಿಸಿ ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೂ ಎದುರಿಗೆ ಹಿಡಿದ ಬಿಳಿಯ ವಸ್ತ್ರ ಕಾಣದಿದ್ದರೆ ಆ ಕೋಣೆ ಸಾಕು. ಕಂಡರೆ ಎಲ್ಲೋ ಬೆಳಕು ಸೋರುತ್ತಿದೆ.

ಕತ್ತಲೆಯಲ್ಲಿ ಮೊದಲು ಬಗೆಹರಿಯಬೇಕಾದದ್ದು ಹಾಳೆಯ ಯಾವ ಮೈಯಲ್ಲಿ ಬೆಳ್ಳಿಯ ಲೇಪವಿದೆ ಎಂಬುದು. ಇದಕ್ಕಾಗಿ ತಯಾರಕರು ಹಾಳೆಯ ಒಂದು ಮೂಲೆಯ ಹತ್ತಿರ ಅಂಚಿನಲ್ಲಿ ಸಣ್ಣ ಕಚ್ಚುಗಳನ್ನು ಕೊರೆದಿರುತ್ತಾರೆ. ಹಾಳೆಯನ್ನು ಉದ್ದುದ್ದವಾಗಿ ನಿಲ್ಲಿಸಿ ಹಿಡಿದು, ಕಚ್ಚು ಮೇಲಂಚಿನ ಬಲತುದಿಗೆ ಬಂದರೆ ಲೇಪದ ಮೈ ಹಿಡಿದವನ ಮುಖಕ್ಕಿರುತ್ತದೆ. ಕಚ್ಚಿನ ಆಕಾರ ಫಿಲ್ಮಿನಿಂದ ಫಿಲ್ಮಿಗೆ ಬೇರೆ. ಬೆರಳು ಅದನ್ನು ಮುಟ್ಟಿ ಫಿಲ್ಮಿನ ಹೆಸರನ್ನೂ ಓದಬಲ್ಲದು. ಹಾಳೆಯನ್ನು ಅಂಚುಗಳಲ್ಲಿ ಮಾತ್ರ ಹಿಡಿಯಬೇಕು. ಬೆವರಿದ ಬೆರಳು ಲೇಪಕ್ಕೆ ತಾಕಿದರೆ ಆ ಗುರುತು ಶಾಶ್ವತ.

ಹಿಂದೆ ಈ ಕೆಲಸ ತಟ್ಟೆಗಳಲ್ಲಿ ನಡೆಯುತ್ತಿತ್ತು. ನಾಲ್ಕಾರು ಹಾಳೆಗಳನ್ನು ದ್ರಾವಣದ ತಟ್ಟೆಯಲ್ಲಿ ಒಂದರ ಮೇಲೊಂದು ಹಾಕಿ, ಅಡಿಯದನ್ನು ಎಳೆದು ಮೇಲಿಡುತ್ತ ಕಡೆಯವರೆಗೂ ಕತ್ತಲೆಯಲ್ಲೇ ಇರಬೇಕಾಗಿತ್ತು. ಒಂದರ ಮೂಲೆ ಇನ್ನೊಂದರ ಮೈಯನ್ನು ಗೀರುವುದು ಸಾಮಾನ್ಯ. ಮುಚ್ಚಳದ ಟ್ಯಾಂಕು ಈ ತೊಂದರೆಯನ್ನು ಕಳೆದಿದೆ. ಹಾಳೆಗಳನ್ನು ಕತ್ತಲೆಯಲ್ಲಿ ಚೌಕಟ್ಟಿಗೆ ಸೇರಿಸಿ, ಟ್ಯಾಂಕಿಗಿಳಿಸಿ, ಮುಚ್ಚಳ ಬಿಗಿದರೆ ಮುಗಿಯಿತು, ದೀಪ ಹಾಕಬಹುದು. ಬೆಳಕು ನುಗ್ಗದ ಬಾಗುದಾರಿಯಿಂದ ದ್ರಾವಣವನ್ನು ಹೊಯ್ಯಲೂ ಬಸಿಯಲೂ ಬರುತ್ತದೆ. ರೀಲಿಗಾಗಿ ಮಾಡಿದ ಪ್ಯಾಟರ್ಸನ್ ಟ್ಯಾಂಕಿನೊಳಗೆ 4×5ರ ಆರು ಹಾಳೆಗಳನ್ನು ಬಾಗಿಸಿ ನಿಲ್ಲಿಸುವ ಚೌಕಟ್ಟು ಸಿಗುತ್ತದೆ. ಅದಕ್ಕೆ ಸುಮಾರು ಒಂದು ಲೀಟರ್ ದ್ರಾವಣ ಬೇಕು. ಚೌಕಟ್ಟು ಇಲ್ಲದವರು ಹಾಳೆಯನ್ನು ಲೇಪ ಒಳಮೈಗೆ ಬರುವಂತೆ ಸುರುಳಿಯಾಗಿ ಬಾಗಿಸಿ, ಸಡಿಲಾಗಿ ರಬ್ಬರ್ ಬ್ಯಾಂಡ್ ಹಾಕಿ ಅದೇ ಟ್ಯಾಂಕಿನಲ್ಲಿ ನಿಲ್ಲಿಸುವುದುಂಟು. ಹೇಗಾದರೂ ಇರಲಿ, ಒಂದು ಹಾಳೆ ಇನ್ನೊಂದಕ್ಕೆ ಅಂಟಬಾರದು. ಅಂಟಿದ ಜಾಗಕ್ಕೆ ದ್ರಾವಣ ಹೋಗುವುದಿಲ್ಲ.

ಡೆವಲಪರ್‌ಗಳಲ್ಲಿ ಹೆಚ್ಚು ಹೆಸರಾದದ್ದು ಡಿ-76. ಅದರ ಪಾಕ ಗುಟ್ಟಿನದಲ್ಲ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಕೊನೆಯದು ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ, ಮರಾಠಿಯ ಟಾಕಣಖಾರ. ಇಲ್ಲಿ ಅನುಕ್ರಮವೇ ಮುಖ್ಯ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯ ಮುಕ್ಕಾಲು ಲೀಟರ್ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್ ಹಾಕಿ, ಅದು ಕರಗಿದ ಮೇಲೆ ಮೆಟಾಲ್ ಹಾಕಿ ಕರಗಿಸಿ, ಅನಂತರ ಉಳಿದ ಸಲ್ಫೈಟನ್ನೂ ಹೈಡ್ರೋಕ್ವಿನೋನನ್ನೂ ಬಿಳಿಗಾರವನ್ನೂ ಒಂದೊಂದಾಗಿ ಕರಗಿಸಿ, ತಣ್ಣೀರು ಸೇರಿಸಿ ಲೀಟರಿಗೆ ತರಬೇಕು. ಸಲ್ಫೈಟೆಲ್ಲವನ್ನೂ ಮೊದಲೇ ಸುರಿದರೆ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ವ್ಯಾಕರಣದ ತರಗತಿಯಲ್ಲಿ 'ಹಾಕಿ, ಕರಗಿಸಿ, ಸೇರಿಸಿ' ಎಂಬ ಭೂತಕೃದಂತಾವ್ಯಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಇಲ್ಲಿ ಅವುಗಳ ಬೆಲೆಯನ್ನು ಕಾಣುತ್ತಾನೆ. ಒಂದು ಕ್ರಿಯೆ ಮುಗಿದೇ ಇನ್ನೊಂದು ಎಂಬ ಕ್ರಮವನ್ನು ಕನ್ನಡದ ಕ್ರಿಯಾಪದವೇ ತನ್ನೊಳಗೆ ಹೊತ್ತಿದೆ. 'ಮೊದಲು', 'ಬಳಿಕ' ಎಂಬ ಊರುಗೋಲು ಪ್ರತಿ ಹೆಜ್ಜೆಗೂ ಬೇಕಾಗುವುದಿಲ್ಲ.

ಫಿಲ್ಮಿನ ಡಬ್ಬಿಯ ಮೇಲೆ ಬರೆದ ಹೊತ್ತು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿದ್ದು. ಏಪ್ರಿಲ್ ತಿಂಗಳಲ್ಲಿ ಸೊಲ್ಲಾಪುರದ ನಲ್ಲಿಯಿಂದ ಅಂಥ ನೀರು ಬರುವುದಿಲ್ಲ. ಉಷ್ಣತೆ ಏರಿದಂತೆ ಹೊತ್ತು ಇಳಿಯಬೇಕು. 20ರಿಂದ 24 ಡಿಗ್ರಿಗೆ ಹೋದರೆ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಹೀಗೆ ಇಳಿಸುತ್ತ ಹೋಗಿ ಐದು ನಿಮಿಷಕ್ಕಿಂತ ಕಡಿಮೆಯಾದರೆ ದ್ರಾವಣ ಹಾಳೆಯ ಮೇಲೆಲ್ಲ ಸಮನಾಗಿ ಕೆಲಸ ಮಾಡುವ ಮುನ್ನವೇ ಗಡುವು ಮುಗಿದು, ಆಕಾಶದ ಭಾಗದಲ್ಲಿ ಪಟ್ಟೆಗಳು ಏಳುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಟ್ಯಾಂಕನ್ನೂ ದ್ರಾವಣದ ಬಾಟಲಿಗಳನ್ನೂ ಒಂದು ದೊಡ್ಡ ಬೋಗುಣಿಯ ನೀರಿನಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಆ ಸುತ್ತಲ ನೀರಿಗೆ ಹಾಕಬೇಕು. ಡೆವಲಪರ್‌ಗೆ ನೇರವಾಗಿ ಹಾಕಿದರೆ ಅದು ನೀರಾಗಿ ತೆಳುವಾಗುತ್ತದೆ. ಡೆವಲಪರ್ ತಂಪು, ಮುಂದಿನ ನೀರು ಬಿಸಿ ಎಂದಾದರೆ ಲೇಪದ ಜೆಲಟಿನ್ ಉಬ್ಬಿ ಸುಕ್ಕುಗಟ್ಟಿ ಬಲೆಯಂತೆ ಒಡೆಯುತ್ತದೆ. ಮೊದಲಿಂದ ಕಡೆಯವರೆಗೆ ಎಲ್ಲ ನೀರೂ ಒಂದೇ ಹದದಲ್ಲಿರುವುದು 20ರ ಅಂಕಿಗಿಂತಲೂ ಮುಖ್ಯ.

ಡೆವಲಪರ್ ಹೊಯ್ದ ಮೇಲೆ ಟ್ಯಾಂಕನ್ನು ಅಲುಗಿಸುತ್ತಿರಬೇಕು. ಮೊದಲ ಅರ್ಧ ನಿಮಿಷ ಬಿಡದೆ, ಅನಂತರ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡು. ಹಾಳೆಗೆ ತಾಗಿದ ದ್ರಾವಣ ಕೆಲಸ ಮಾಡಿ ಬಳಲಿದ ಮೇಲೆ ಹೊಸ ದ್ರಾವಣ ಅಲ್ಲಿಗೆ ಬರಬೇಕೆಂಬುದೇ ಇದರ ಉದ್ದೇಶ. ಇಂಗ್ಲಿಷಿನಲ್ಲಿ ಇದಕ್ಕೆ ಹೇಳುವ ಮಾತು 'ಅಜಿಟೇಶನ್'. ನಿಘಂಟು ಹಿಡಿದು ಕೂತ ಅನುವಾದಕ ಕನ್ನಡದಲ್ಲಿ 'ಪ್ರತಿ ನಿಮಿಷ ಹತ್ತು ಸೆಕೆಂಡು ಚಳವಳಿ ಮಾಡತಕ್ಕದ್ದು' ಎಂದು ಬರೆದರೆ, ಅವನ ಮರಾಠಿ ಸಹೋದ್ಯೋಗಿ ಅಲ್ಲಿ 'ಆಂದೋಲನ'ವನ್ನು ಹೂಡುತ್ತಾನೆ. 'ಡೆವಲಪರ್' ಎಂಬುದನ್ನು ಮರಾಠಿಯಲ್ಲಿ 'ವಿಕಾಸಕ' ಎಂದರೆ ಓದುಗನಿಗೆ ನೆನಪಾಗುವುದು ಫ್ಲ್ಯಾಟು ಕಟ್ಟಿಸುವವನು. ಅತ್ತ ಆಡುಗನ್ನಡದಲ್ಲಿ ಅಲುಗಿಸು, ಕುಲುಕು, ಕಲಕು, ಕದಡು, ತೊನೆ, ಮಗುಚು ಎಂದು ಇಷ್ಟು ಕ್ರಿಯಾಪದಗಳು ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ಪ್ರತಿಯೊಂದೂ ಕೈಯ ಬೇರೊಂದು ಚಲನೆ. ಟ್ಯಾಂಕನ್ನು ಕುಲುಕಬಾರದು, ನೊರೆಗುಳ್ಳೆಗಳು ಹಾಳೆಗೆ ಅಂಟಿ ಬೊಟ್ಟುಗಳಾಗುತ್ತವೆ. ನಿಧಾನವಾಗಿ ಮಗುಚಿ, ಮತ್ತೆ ನೆಟ್ಟಗೆ ಮಾಡಿ, ತಳವನ್ನು ಒಮ್ಮೆ ಮೆಲ್ಲನೆ ತಟ್ಟಬೇಕು. 'ಕುಲುಕಬೇಡಿ, ಮಗುಚಿ' ಎಂಬ ಎರಡು ಮಾತು ಒಂದು ಪುಟದ ವಿವರಣೆಯ ಕೆಲಸವನ್ನು ಮಾಡುತ್ತದೆ. ಹಾಲು ಕಾಯಿಸುವ, ಮೊಸರು ಕಡೆಯುವ, ಹಿಟ್ಟು ಕಲಸುವ ಮನೆಗಳಲ್ಲಿ ಸವೆದು ನಯವಾದ ಈ ಕ್ರಿಯಾಪದಗಳು ತಂತ್ರಜ್ಞಾನದ ಬರವಣಿಗೆಗೆ ಬಾರದಿರುವುದು ಭಾಷೆಯ ಬಡತನದಿಂದಲ್ಲ, ಬರೆಯುವವರ ಸಂಕೋಚದಿಂದ.

ಉಳಿದದ್ದನ್ನು ಬೇಗ ಹೇಳಬಹುದು. ಹೊತ್ತು ಮುಗಿದೊಡನೆ ಡೆವಲಪರನ್ನು ಬಸಿದು, ಶೇಕಡಾ ಒಂದೆರಡರಷ್ಟು ಅಸಿಟಿಕ್ ಆಮ್ಲವಿರುವ ನೀರನ್ನು ಅರ್ಧ ನಿಮಿಷ ಹಾಕಿದರೆ ಕ್ರಿಯೆ ನಿಲ್ಲುತ್ತದೆ. ಮನೆಯ ಬಿಳಿ ವಿನೆಗರನ್ನು ನೀರು ಬೆರೆಸಿ ಬಳಸಿದರೂ ಸಾಕು. ಆಮೇಲೆ ಹೈಪೋ. ಬೆಳಕು ತಾಕದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದನು. ಇಪ್ಪತ್ತು ವರ್ಷಗಳ ನಂತರ ಅದು ಛಾಯಾಗ್ರಹಣವನ್ನು ಉಳಿಸಿತು. ಎಷ್ಟು ಹೊತ್ತು ಹೈಪೋದಲ್ಲಿಡಬೇಕೆಂಬುದನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕೆಟ್ಟ ಫಿಲ್ಮಿನ ತುಂಡೊಂದನ್ನು ಬೆಳಕಿನಲ್ಲೇ ಹೈಪೋಗೆ ಹಾಕಿ, ಅದರ ಹಾಲುಬಿಳುಪು ಹೋಗಿ ತಿಳಿಯಾಗಲು ಹಿಡಿಯುವ ಹೊತ್ತನ್ನು ಎಣಿಸಿ, ಅದರ ಎರಡರಷ್ಟು ಇಡಬೇಕು. ಜನ ಈ ಇಡೀ ಕೆಲಸವನ್ನು 'ತೊಳೆಯುವುದು' ಎಂದದ್ದು ಇಲ್ಲಿ ಅರ್ಥವಾಗುತ್ತದೆ. ಡೆವಲಪರ್ ಚಿತ್ರವನ್ನು ಕಟ್ಟುತ್ತದೆ ನಿಜ, ಆದರೆ ಚಿತ್ರವಲ್ಲದ್ದು ತೊಳೆದು ಹೋಗದಿದ್ದರೆ ಕಟ್ಟಿದ್ದೂ ನಿಲ್ಲುವುದಿಲ್ಲ.

ಕಡೆಯ ತೊಳೆತಕ್ಕೆ ಹಳೆಯ ಪುಸ್ತಕಗಳು ಅರ್ಧ ಗಂಟೆ ಹರಿಯುವ ನೀರನ್ನು ಹೇಳುತ್ತವೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಜತ್ತ ತಾಲೂಕಿನ ಮನೆಗೆ ಆ ಉಪದೇಶ ಸಲ್ಲದು. ಗಟ್ಟಿಕಾರಕ ಬೆರೆಸದ ಫಿಕ್ಸರ್ ಬಳಸಿದ್ದರೆ ಇಲ್‌ಫೋರ್ಡ್ ಸಂಸ್ಥೆ ಸೂಚಿಸಿದ ಕ್ರಮ ಸಾಕು. ಟ್ಯಾಂಕು ತುಂಬಿಸಿ ಐದು ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿಸಿ ಹತ್ತು ಸಲ, ಮೂರನೆಯದಾಗಿ ಇಪ್ಪತ್ತು ಸಲ. ಮೂರೇ ಟ್ಯಾಂಕು ನೀರು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಹಾಳೆಯ ಮೇಲೆ ಬಿಳಿ ಕಲೆ ಬಿಡುತ್ತದೆ. ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರಿನಲ್ಲಿ ಕೊನೆಗೊಮ್ಮೆ ಅದ್ದಿದರೆ ಕಲೆ ಬೀಳದು. ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಫ್ಯಾನು ಹಾಕದೆ, ಮೂಲೆಗೆ ಚಿಮಟಿ ಸಿಕ್ಕಿಸಿ ಹಗ್ಗದ ಮೇಲೆ ತೂಗಹಾಕಬೇಕು.

ಇಷ್ಟನ್ನೂ ಕನ್ನಡದಲ್ಲಿ ಹೇಳಲು ಯಾವ ಹೊಸ ವ್ಯಾಕರಣವೂ ಬೇಕಾಗಲಿಲ್ಲ. ಟ್ಯಾಂಕು, ಫಿಲ್ಮು, ಡೆವಲಪರ್, ಹೈಪೋ ಹೊರಗಿನಿಂದ ಬಂದವು, ಬಂದು ಒಗ್ಗಿದವು. ಕಚ್ಚು, ಹದ, ಲೇಪ, ಬಿಳಿಗಾರ, ಮಗುಚು ಮನೆಯಲ್ಲೇ ಇದ್ದವು. ಹೆಸರುಗಳನ್ನು ಎರವಲು ತಂದರೆ ಭಾಷೆಗೆ ನಷ್ಟವಿಲ್ಲ. ಕ್ರಿಯಾಪದಗಳನ್ನೂ ಎರವಲು ತರುವ ದಿನ ಬಂದರೆ ಅದು ನಷ್ಟ. ಗಡಿನಾಡಿನ ಹುಡುಗ 'ಫಿಲ್ಮ್ ಲೋಡ್ ಮಾಡಿ, ಅಜಿಟೇಟ್ ಮಾಡಿ, ಡ್ರೇನ್ ಮಾಡಿ, ರಿನ್ಸ್ ಮಾಡಿ' ಎನ್ನುವಾಗ ಕನ್ನಡಕ್ಕೆ ಉಳಿಯುವುದು 'ಮಾಡು' ಎಂಬ ಒಂದೇ ಕೂಲಿಯಾಳು.

ಕನ್ನಡಕ್ಕೆ ಇಂಥ ಗದ್ಯ ಹೊಸದೆಂದು ಯಾರೂ ಹೇಳಲಾರರು. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' 1025ರಷ್ಟು ಹಿಂದೆಯೇ ನೀರಿನ ಸೆಲೆ ಹುಡುಕುವುದು, ಗಿಡಗಳ ಆರೈಕೆ, ಅಡುಗೆ, ಸುಗಂಧದ್ರವ್ಯಗಳ ತಯಾರಿಕೆ ಇವನ್ನೆಲ್ಲ ಕನ್ನಡದಲ್ಲಿ ಹೇಳಿತು. ರಾಜಾದಿತ್ಯ ಲೆಕ್ಕವನ್ನು ಹೇಳಿದನು, ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಕ್ಕೆ ಮದ್ದು ಹೇಳಿದನು, ಮೂರನೆಯ ಮಂಗರಸ 'ಸೂಪಶಾಸ್ತ್ರ'ದಲ್ಲಿ ಅಡುಗೆಯನ್ನು ಹೇಳಿದನು. ಇವೆಲ್ಲ ಪದ್ಯದಲ್ಲಿದ್ದುದಕ್ಕೆ ಸಂಪ್ರದಾಯವೊಂದೇ ಕಾರಣವಲ್ಲ. ಕೈ ಕೆಲಸದಲ್ಲಿರುವಾಗ ಓಲೆಗರಿ ಬಿಚ್ಚಲಾಗದು, ಮಾತು ನಾಲಿಗೆಯ ಮೇಲಿರಬೇಕು. ಹಾಳೆಯನ್ನು ಕತ್ತಲೆಯಲ್ಲಿ ಚೌಕಟ್ಟಿಗೆ ಸೇರಿಸುವವನ ಸ್ಥಿತಿಯೂ ಅದೇ. ಅವನು ಕಾಗದವನ್ನು ಓದಲಾರ, ಮೊಬೈಲಿನ ಪರದೆಯನ್ನು ಬೆಳಗಲಾರ. ಅವನಿಗೆ ದಕ್ಕುವುದು ನೆನಪಿನಲ್ಲಿ ನಿಲ್ಲುವಷ್ಟು ಚಿಕ್ಕದಾದ, ಎರಡರ್ಥಕ್ಕೆಡೆಯಿಲ್ಲದ ವಾಕ್ಯ ಮಾತ್ರ. ಹತ್ತಿರದ ಕಾಲದಲ್ಲಿ ಶಿವರಾಮ ಕಾರಂತರು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ'ಗಳಲ್ಲಿ, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಬರಹಗಳಲ್ಲಿ ಈ ಹಾದಿಯನ್ನು ಹಸನು ಮಾಡಿ ಹೋಗಿದ್ದಾರೆ. ಹಾದಿ ಇದೆ; ನಡೆಯುವವರು ಕಡಿಮೆ.

ಕನ್ನಡ ತರಗತಿಯ ಅಭ್ಯಾಸವೊಂದನ್ನು ಇಲ್ಲಿ ನಿಷ್ಠುರವಾಗಿ ಹೇಳಬೇಕಾಗಿದೆ. ಕತ್ತಲೆಕೋಣೆ ಎಂದೊಡನೆ ವಿದ್ಯಾರ್ಥಿಗೆ ರೂಪಕ ಹೊಳೆಯುತ್ತದೆ. ಬೆಳಕು ತಾಕಿ ಇನ್ನೂ ಕಾಣದಿರುವ ಸುಪ್ತಬಿಂಬವನ್ನು ಅವನು ಕೂಡಲೇ ಧ್ವನಿಸಿದ್ಧಾಂತದ ವ್ಯಂಗ್ಯಾರ್ಥಕ್ಕೆ ಹೋಲಿಸುತ್ತಾನೆ. ನೆಗೆಟಿವ್ ಎಂದರೆ ಬದುಕಿನ ನೋವು, ಪಾಸಿಟಿವ್ ಎಂದರೆ ನಲಿವು ಎಂದು ಎರಡು ಪುಟ ಬರೆಯುತ್ತಾನೆ. ಹೋಲಿಕೆ ತಪ್ಪೇನಲ್ಲ. ಆದರೆ ಹೈಪೋದಲ್ಲಿ ಹಾಳೆಯನ್ನು ಎಷ್ಟು ಹೊತ್ತು ಇಡಬೇಕು, ಏಕೆ ಇಡಬೇಕು ಎಂದು ಕೇಳಿದರೆ ಅದೇ ಲೇಖನಿ ನಿಂತುಬಿಡುತ್ತದೆ. ಕೆಲಸ ಗೊತ್ತಿಲ್ಲದವನ ರೂಪಕ ಹಬ್ಬದ ಬಾಗಿಲಿಗೆ ಕಟ್ಟಿದ ಪ್ಲಾಸ್ಟಿಕ್ ತೋರಣದಂತೆ. ಬಾಡುವುದಿಲ್ಲ, ಎಳೆಯ ಎಲೆಯ ವಾಸನೆಯೂ ಅದಕ್ಕಿಲ್ಲ. ಗಡಿಯಾಚೆಯ ಕಾಲೇಜುಗಳಲ್ಲಿ ಈ ಅಭ್ಯಾಸದ ಬೆಲೆ ಇನ್ನೂ ಹೆಚ್ಚು. ಇಲ್ಲಿನ ವಿದ್ಯಾರ್ಥಿ ಕಚೇರಿಯ ಅರ್ಜಿಯನ್ನು ಮರಾಠಿಯಲ್ಲಿ ಬರೆಯುತ್ತಾನೆ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುತ್ತಾನೆ. ಕನ್ನಡ ಅವನಿಗೆ ಕವಿತೆಗೂ ಪರೀಕ್ಷೆಗೂ ಮನೆಯ ಅಜ್ಜಿಗೂ ಮೀಸಲಾದ ಭಾಷೆಯಾಗಿ ಉಳಿಯುತ್ತದೆ. ಕೈಕೆಲಸವನ್ನು ಕಲಿಸಲಾರದ ಭಾಷೆಯನ್ನು ಮುಂದಿನ ತಲೆಮಾರು ಗೌರವದಿಂದ ಕಪಾಟಿನಲ್ಲಿಡುತ್ತದೆ, ಬಳಸುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹುರುಳಿಲ್ಲದವಲ್ಲ. ಮೊದಲನೆಯದು ಖರ್ಚು. ಹಾಳೆ ಫಿಲ್ಮು ಇಂದು ದುಬಾರಿ, ವಿದೇಶದಿಂದ ಬರಬೇಕು. ನೀಲಗಿರಿಯ ಉದಕಮಂಡಲದಲ್ಲಿ 'ಇಂದು' ಎಂಬ ಹೆಸರಿನಿಂದ ಫಿಲ್ಮು ತಯಾರಿಸುತ್ತಿದ್ದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಗಿದೆ. ಹವ್ಯಾಸಿಗಳು ಹಿಡಿದ ಅಗ್ಗದ ದಾರಿ ಎಕ್ಸ್‌ರೇ ಫಿಲ್ಮು. ಅದು 8×10 ಅಂಗುಲದಲ್ಲೇ ಸಿಗುತ್ತದೆ, ಕತ್ತರಿಸಿಕೊಳ್ಳಬಹುದು, ಕೆಂಪು ಬೆಳಕಿಗೆ ಸ್ಪಂದಿಸದ್ದರಿಂದ ಮಂದ ಕೆಂಪು ದೀಪದಲ್ಲಿ ಕೆಲಸ ನಡೆಯುತ್ತದೆ. ಸಾಮಾನ್ಯವಾಗಿ ಎರಡೂ ಮೈಗೆ ಲೇಪವಿರುವುದರಿಂದ ಬಲುಬೇಗ ಗೀರುಬೀಳುತ್ತದೆ ಎಂಬುದೊಂದೇ ತೊಡಕು. ಎರಡನೆಯದು ರಾಸಾಯನಿಕಗಳ ಅಪಾಯ. ಮೆಟಾಲ್ ಕೆಲವರ ಚರ್ಮಕ್ಕೆ ಆಗದು. ಕೈಗವಸು ಬೇಕು, ಗಾಳಿ ಆಡಬೇಕು, ಒಮ್ಮೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆ ಸೇರಬಾರದು. ಬಳಸಿದ ಹೈಪೋದಲ್ಲಿ ಬೆಳ್ಳಿಯಿರುತ್ತದೆ, ಅದನ್ನು ಗಟಾರಕ್ಕೆ ಚೆಲ್ಲಬಾರದು. ಹಳೆಯ ಸ್ಟುಡಿಯೊದವರು ಅದನ್ನು ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಮಾರುತ್ತಿದ್ದುದುಂಟು. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಕಾಲ ಮುಗಿದ ಕೆಲಸಕ್ಕೆ ಭಾಷೆಯನ್ನು ಏಕೆ ದುಡಿಸಬೇಕು, ಕನ್ನಡ ಬೇಕಾದದ್ದು ಕಂಪ್ಯೂಟರಿಗಲ್ಲವೇ ಎಂಬುದು. ಕಂಪ್ಯೂಟರಿಗೂ ಬೇಕು. ಆದರೆ ಅಲ್ಲಿ ಹೆಜ್ಜೆಗಳು ಪರದೆಯ ಹಿಂದೆ ಅಡಗಿರುತ್ತವೆ. ಗುಂಡಿಯ ಹೆಸರು ಹೇಳಿದರೆ ಸಾಲುತ್ತದೆ. ಹಾಳೆ ಫಿಲ್ಮಿನಲ್ಲಿ ಒಂದು ಹೆಜ್ಜೆಯನ್ನು ತಪ್ಪಾಗಿ ಹೇಳಿದರೆ ಅರ್ಧ ಗಂಟೆಯೊಳಗೆ ತಪ್ಪು ಕಣ್ಣೆದುರು ತೂಗಾಡುತ್ತದೆ. ವಾಕ್ಯದ ಸತ್ಯಾಸತ್ಯವನ್ನು ಇಷ್ಟು ಬೇಗ, ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸುವ ಪರೀಕ್ಷಕ ವಿಶ್ವವಿದ್ಯಾಲಯದಲ್ಲೂ ಸಿಗಲಾರ.

ಆದ್ದರಿಂದ ಒಂದು ಸೂಚನೆ. ಕನ್ನಡ ಐಚ್ಛಿಕದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿ ಮುಗಿಸುವ ಮುನ್ನ ಒಂದು ಕೈಕೆಲಸದ ಕ್ರಮವನ್ನು ಮೂರು ಪುಟಗಳಲ್ಲಿ ಬರೆಯಲಿ. ಅದು ಫಿಲ್ಮು ತೊಳೆಯುವುದೇ ಆಗಬೇಕಿಲ್ಲ. ಸೊಲ್ಲಾಪುರದ ಚಾದರದ ಮಗ್ಗವೂ ಆಗಬಹುದು, ಕೌದಿ ಹೊಲಿಯುವುದೂ ಆಗಬಹುದು, ಶಾಸನದ ಮೇಲೆ ಒದ್ದೆ ಕಾಗದ ಬಡಿದು ಮಸಿಯ ಪಡಿಯಚ್ಚು ತೆಗೆಯುವುದೂ ಆಗಬಹುದು. ಸ್ಟುಡಿಯೊಗಳ ವಿಷಯ ಮಾತ್ರ ತುರ್ತಿನದು. ಹೈಪೋದ ವಾಸನೆಯಲ್ಲೇ ವಯಸ್ಸು ಕಳೆದ, ನೆಗೆಟಿವ್‌ನ ಮೇಲೆ ಪೆನ್ಸಿಲಿನಿಂದ ಮುಖದ ಕಲೆ ತಿದ್ದುತ್ತಿದ್ದ ಹಿರಿಯರು ಗಡಿಯ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತಿನಲ್ಲಿ ಕನ್ನಡವೂ ಮರಾಠಿಯೂ ಇಂಗ್ಲಿಷೂ ಬೆರೆತಿರುತ್ತದೆ. ಅದನ್ನು ಶುದ್ಧೀಕರಿಸಲು ಹೋಗದೆ ಮೊದಲು ಹಾಗೆಯೇ ಬರೆದುಕೊಳ್ಳಬೇಕು. ಯಾವ ಕ್ರಿಯಾಪದವನ್ನು ಅವರು ಯಾವ ಭಾಷೆಯಿಂದ ಆರಿಸಿಕೊಂಡರು, ಏಕೆ ಆರಿಸಿಕೊಂಡರು ಎಂಬುದು ಭಾಷಾವಿಜ್ಞಾನದ ಒಂದು ಒಳ್ಳೆಯ ಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ.

ಬರೆದದ್ದನ್ನು ಪರೀಕ್ಷಿಸಲು ಹಣವೂ ಬೇಡ, ಪ್ರಯೋಗಾಲಯವೂ ಬೇಡ. ಕೆಟ್ಟುಹೋದ ಒಂದು ಹಾಳೆ, ಒಂದು ಖಾಲಿ ಟ್ಯಾಂಕು, ಒಂದು ಕತ್ತಲೆಯ ಕೋಣೆ ಸಾಕು. ಈ ಕೆಲಸವನ್ನು ಹಿಂದೆಂದೂ ಮಾಡದ ವಿದ್ಯಾರ್ಥಿನಿ ಒಳಗೆ ನಿಲ್ಲಲಿ. ಬರೆದವನು ಬಾಗಿಲಾಚೆ ನಿಂತು ತನ್ನ ಗದ್ಯವನ್ನು ಒಂದೊಂದೇ ವಾಕ್ಯವಾಗಿ ಓದಲಿ. ಅವಳು 'ಯಾವ ಕಡೆ?' ಎಂದು ಕೇಳಿದ ಪ್ರತಿ ಜಾಗದಲ್ಲೂ ಗದ್ಯ ಸೋತಿದೆಯೆಂದು ತಿಳಿದು, ಅಲ್ಲಿಗೆ ಗುರುತು ಹಾಕಿ ಮತ್ತೆ ಬರೆಯಲಿ. ಅವಳು ಏನನ್ನೂ ಕೇಳದೆ ಹಾಳೆಯನ್ನು ಸೇರಿಸಿ, ಮುಚ್ಚಳ ಬಿಗಿದು, ಬಾಗಿಲು ತೆರೆದು ಬಂದ ದಿನ ಆ ಮೂರು ಪುಟಗಳನ್ನು ವಿಭಾಗದ ಈ ವಾರ್ತಾಪತ್ರದಲ್ಲಿ ಅಚ್ಚು ಹಾಕಬಹುದು.